ಅರವತ್ತು ವರ್ಷದ ರಾಜಕಾರಣಕ್ಕೆ ಒಂದು ಖಾತೆ ಪುಸ್ತಕ: ಗ್ಲಾಡ್‌ಸ್ಟನ್‌ನನ್ನು ಓದುವ ಬಗೆ

ನಾನು ಪಾಠ ಹೇಳಲು ಶುರುಮಾಡಿ ಮೂರನೆಯ ವರ್ಷ. ಎರಡನೆಯ ಬಿ.ಎ. ತರಗತಿಯಲ್ಲಿ ಹಿಂದಿನ ವರ್ಷದ ನೋಟ್ಸನ್ನೇ ಓದಿ ಬರೆಸುತ್ತಿದ್ದೆ: "ವಿಲಿಯಂ ಗ್ಲಾಡ್‌ಸ್ಟನ್ ಹುಟ್ಟಿನಿಂದಲೇ ಉದಾರವಾದಿ." ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. "ಮೇಡಂ, ಹಾಗಾದರೆ 1832ರಲ್ಲಿ ಅವನು ಟೋರಿ ಪಕ್ಷದಿಂದ ಯಾಕೆ ಗೆದ್ದ?" ಟೋರಿ ಎಂದರೆ ಉದಾರವಾದಿಗಳ ಎದುರು ನಿಂತ ಸಂಪ್ರದಾಯವಾದಿ ಪಕ್ಷ. ಗ್ರಂಥಾಲಯದ ವಿಶ್ವಕೋಶದಲ್ಲಿ ಓದಿಕೊಂಡು ಬಂದಿದ್ದ. "ಆಮೇಲೆ ಬಾ, ಹೇಳುತ್ತೇನೆ" ಎಂದೆ. ಆಮೇಲೆ ಅವನು ಬರಲಿಲ್ಲ. ಬಂದಿದ್ದರೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಗ್ಲಾಡ್‌ಸ್ಟನ್ 1832ರಿಂದ 1895ರವರೆಗೆ, ನಡುವೆ ಸುಮಾರು ಒಂದೂವರೆ ವರ್ಷ ಬಿಟ್ಟರೆ, ಬ್ರಿಟನ್ನಿನ ಸಂಸತ್ತಿನಲ್ಲೇ ಇದ್ದ. ನಾಲ್ಕು ಸಲ ಪ್ರಧಾನಿಯಾದ. ಇಷ್ಟು ಉದ್ದದ ಬದುಕನ್ನು ನಾಲ್ಕು ಸರ್ಕಾರ, ನಾಲ್ಕು ಶೀರ್ಷಿಕೆ ಎಂದು ಕತ್ತರಿಸಿ ಬರೆಸುವುದು ನಮ್ಮ ತರಗತಿಗಳ ರೂಢಿ. ಹಾಗೆ ಮಾಡಿದರೆ ಮೊದಲ ಪ್ರಧಾನಿ ಪಟ್ಟಕ್ಕೆ ಬರುವ ಹೊತ್ತಿಗೆ ಅವನಿಗೆ 58 ವರ್ಷ ತುಂಬಿ, ಮೂವತ್ತಾರು ವರ್ಷದ ರಾಜಕಾರಣ ಮುಗಿದಿರುತ್ತದೆ ಎಂಬುದೇ ಮರೆತುಹೋಗುತ್ತದೆ. ಈಗ ಲೇಖನವನ್ನೋ ಪ್ರಬಂಧವನ್ನೋ ಬರೆಯಲು ಹೊರಟವರಿಗೆ ನಾನು ಕೊನೆಗೆ ಕಂಡುಕೊಂಡ ದಾರಿಯನ್ನು ಇಲ್ಲಿ ಹೇಳುತ್ತೇನೆ. ಇತಿಹಾಸದ ವಿದ್ವಾಂಸರಿಂದ ಕಲಿತದ್ದಲ್ಲ ಇದು. ನಮ್ಮ ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಖಾತೆ ಪುಸ್ತಕದಿಂದ ಕದ್ದದ್ದು.

ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದ ಪುಸ್ತಕ ತನ್ನಿ. ಇನ್ನೂರು ಪುಟದ್ದು ಸಾಕು. ಎಡ ಪುಟದ ತಲೆಯಲ್ಲಿ "ಹೇಳಿದ್ದು" ಎಂದೂ ಬಲ ಪುಟದ ತಲೆಯಲ್ಲಿ "ಮಾಡಿದ್ದು" ಎಂದೂ ಬರೆಯಿರಿ. ಮಾತು ಕೊಟ್ಟು ಮಾಡದೆ ಉಳಿದದ್ದನ್ನು ಪುಟದ ಅಡಿಯಲ್ಲಿ "ಬಾಕಿ" ಎಂದು ಬರೆದು ಮುಂದಿನ ಪುಟಕ್ಕೆ ಒಯ್ಯಿರಿ. ಕಂಪ್ಯೂಟರಿನಲ್ಲಿ ಮಾಡುವವರು ಮಾಡಲಿ. ನನಗೆ ಬಾಕಿಯನ್ನು ಕೈಯಾರೆ ಮತ್ತೆ ಮತ್ತೆ ಬರೆಯುವಾಗಲೇ ಅದು ಎಷ್ಟು ವರ್ಷದ್ದು ಎಂಬ ಅರಿವು ಮೂಡುವುದು.

ಮೊದಲು ಕ್ಷೇತ್ರಗಳು

ವರ್ಷಗಳಿಂದ ಶುರುಮಾಡಬೇಡಿ, ಅವನನ್ನು ಆರಿಸಿ ಕಳಿಸಿದ ಊರುಗಳಿಂದ ಶುರುಮಾಡಿ. ಐದೇ ಇವೆ. ನ್ಯೂವಾರ್ಕ್, 1832ರಿಂದ 1845. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, 1847ರಿಂದ 1865. ದಕ್ಷಿಣ ಲ್ಯಾಂಕಶೈರ್, 1865ರಿಂದ 1868. ಗ್ರೀನಿಚ್, 1868ರಿಂದ 1880. ಮಿಡ್ಲೋದಿಯನ್, 1880ರಿಂದ 1895. ಪುಸ್ತಕವನ್ನು ಈ ಐದು ಭಾಗ ಮಾಡಿ, ಪ್ರತಿ ಭಾಗದ ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಇಲ್ಲಿ ಇವನಿಗೆ ಮತ ಹಾಕಿದವರು ಯಾರು?

ಈ ಒಂದು ಪ್ರಶ್ನೆಗೇ ಅರ್ಧ ಉತ್ತರ ಸಿಗುತ್ತದೆ. ನ್ಯೂವಾರ್ಕ್‌ನಲ್ಲಿ ನ್ಯೂಕ್ಯಾಸಲ್‌ನ ಡ್ಯೂಕನ ಮಾತು ನಡೆಯುತ್ತಿತ್ತು. ಆಕ್ಸ್‌ಫರ್ಡ್‌ನಲ್ಲಿ ಓದುವಾಗಲೇ ಚುನಾವಣಾ ಸುಧಾರಣೆಯ ವಿರುದ್ಧ ಭಾಷಣ ಮಾಡಿದ್ದ ಇಪ್ಪತ್ತೆರಡರ ಹುಡುಗ ಡ್ಯೂಕನ ಕಣ್ಣಿಗೆ ಬಿದ್ದಿದ್ದ. ಆಕ್ಸ್‌ಫರ್ಡ್ ಕ್ಷೇತ್ರದ ಮತದಾರರು ಅಲ್ಲಿನ ಪದವೀಧರರು. ಅವರಲ್ಲಿ ಬಹುಪಾಲು ಹಳ್ಳಿಹಳ್ಳಿಯ ಚರ್ಚುಗಳ ಪಾದ್ರಿಗಳು. ಅವರ ಮುಂದೆ ಹದಿನೆಂಟು ವರ್ಷ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ನಿಂತ. 1861ರ ಒಂದು ಕಾಯಿದೆಯಿಂದ ಈ ಪಾದ್ರಿಗಳು ಊರಲ್ಲೇ ಕುಳಿತು ಮತಪತ್ರ ಕಳಿಸಬಹುದಾಯಿತು. 1865ರಲ್ಲಿ ಕಳಿಸಿದರು, ಸೋಲಿಸಿದರು. ಕೆಲವೇ ದಿನಗಳಲ್ಲಿ ಅವನು ಮ್ಯಾಂಚೆಸ್ಟರ್‌ನ ಸಭೆಯಲ್ಲಿ ನಿಂತು, ಬಾಯಿಗೆ ಕಟ್ಟಿದ್ದ ಕುಕ್ಕೆ ಬಿಚ್ಚಿತು ಎಂಬರ್ಥದ ಮಾತು ಆಡಿದ. ಅಲ್ಲಿಂದ ಮುಂದಿನ ಭಾಷಣಗಳ ದನಿಯೇ ಬೇರೆ. ಪಕ್ಷ ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು.

ಮಿಡ್ಲೋದಿಯನ್ ಎಡಿನ್‌ಬರೊ ಸುತ್ತಲಿನ ಜಿಲ್ಲೆ. 1879ರ ನವೆಂಬರಿನಲ್ಲಿ ರೈಲಿನಲ್ಲಿ ಹೊರಟು ಊರೂರಲ್ಲಿ ಇಳಿದು ಭಾಷಣ ಮಾಡಿದ್ದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. 1880ರ ಫಲಿತಾಂಶವನ್ನು ಬರೆದುಕೊಂಡು ಎರಡು ನಿಮಿಷ ಸುಮ್ಮನೆ ನೋಡಿ: ಗ್ಲಾಡ್‌ಸ್ಟನ್‌ಗೆ 1,579, ಎದುರಾಳಿ ಡಾಲ್ಕೀತ್‌ಗೆ 1,368. ಒಟ್ಟು ಸೇರಿಸಿದರೂ ಮೂರು ಸಾವಿರ ಇಲ್ಲ. ನಮ್ಮಲ್ಲಿ ದೊಡ್ಡ ಗ್ರಾಮ ಪಂಚಾಯಿತಿಯೊಂದರಲ್ಲಿ ಇದಕ್ಕಿಂತ ಹೆಚ್ಚು ಮತ ಬೀಳುತ್ತದೆ. ಅವನ ಸಭೆಗಳಿಗೆ ಬಂದ ಸಾವಿರಾರು ಜನರಲ್ಲಿ ಹೆಚ್ಚಿನವರಿಗೆ ಅಲ್ಲಿ ಮತವೇ ಇರಲಿಲ್ಲ. ಹಾಗಾದರೆ ಅವನು ಮಾತಾಡಿದ್ದು ಯಾರಿಗೆ? ಮರುದಿನದ ಪತ್ರಿಕೆಗಳಿಗೆ, ಅವುಗಳ ಮೂಲಕ ಇಡೀ ದೇಶಕ್ಕೆ. ಆ ಪತ್ರಿಕೆಗಳು ಅಗ್ಗವಾದದ್ದರಲ್ಲೂ ಅವನ ಕೈ ಇತ್ತು. ಕಾಗದದ ಮೇಲಿನ ಸುಂಕವನ್ನು 1861ರಲ್ಲಿ ತೆಗೆಸಿದವನು ಅವನೇ. ಹಿಂದಿನ ವರ್ಷ ಆ ಮಸೂದೆಯನ್ನು ಮೇಲ್ಮನೆ ತಿರಸ್ಕರಿಸಿತ್ತು. ಅವನು ಎಲ್ಲ ತೆರಿಗೆ ಪ್ರಸ್ತಾವಗಳನ್ನೂ ಒಂದೇ ಮಸೂದೆಯಲ್ಲಿ ಕಟ್ಟಿ ಕಳಿಸಿದ. ಒಪ್ಪಿದರೆ ಎಲ್ಲ, ಬಿಟ್ಟರೆ ಎಲ್ಲ. ಖಾತೆಯಲ್ಲಿ ಇಂಥ ಎರಡು ಸಾಲುಗಳ ನಡುವೆ ಹತ್ತೊಂಬತ್ತು ವರ್ಷ ಇದ್ದರೂ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಸೇರಿಸಿ.

ಖಾಲಿ ಪುಟದ ತೊಡಕು

ಐದು ಭಾಗ ಮಾಡಿದ ಕೂಡಲೇ 1845ರಿಂದ 1847ರವರೆಗೆ ಒಂದು ಖಾಲಿ ಕಾಣಿಸುತ್ತದೆ. ಆ ಖಾಲಿಯ ಮೊದಲ ಭಾಗದಲ್ಲಿ ಅವನು ವಸಾಹತು ಖಾತೆಯ ಮಂತ್ರಿ! ಸಂಸತ್ತಿನ ಸದಸ್ಯನೇ ಅಲ್ಲದವನು ಮಂತ್ರಿ ಹೇಗಾದ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ; ಮುದ್ರಣದೋಷ ಎಂದೇ ತೀರ್ಮಾನಿಸಿದ್ದೆ.

ಆಗಿನ ನಿಯಮ ಗೊತ್ತಿದ್ದರೆ ಇದು ಸಲೀಸು. ಕೆಳಮನೆಯ ಸದಸ್ಯ ಮಂತ್ರಿಯಾದರೆ ತನ್ನ ಸ್ಥಾನ ಬಿಟ್ಟು ಮತ್ತೆ ಚುನಾವಣೆಗೆ ನಿಲ್ಲಬೇಕಿತ್ತು. ಈ ಪದ್ಧತಿ ಪೂರ್ತಿ ಹೋದದ್ದು 1926ರಲ್ಲಿ. 1845ರ ಡಿಸೆಂಬರಿನಲ್ಲಿ ಟೋರಿ ಪ್ರಧಾನಿ ಪೀಲ್ ಅವನನ್ನು ಮಂತ್ರಿ ಮಾಡಿದ. ಪೀಲ್ ಧಾನ್ಯದ ಸುಂಕ ತೆಗೆಯಲು ಹೊರಟಿದ್ದ, ನ್ಯೂಕ್ಯಾಸಲ್‌ನ ಡ್ಯೂಕನಿಗೆ ಅದು ವಿಷ. ಡ್ಯೂಕನ ಬೆಂಬಲವಿಲ್ಲದೆ ನ್ಯೂವಾರ್ಕ್‌ನಲ್ಲಿ ನಿಲ್ಲುವಂತಿರಲಿಲ್ಲ. ಹೀಗಾಗಿ ಆ ಕಾಲದ ಅತಿ ದೊಡ್ಡ ಮತದಾನ ನಡೆದಾಗ ಮಂತ್ರಿ ಗ್ಲಾಡ್‌ಸ್ಟನ್ ಸದನದಲ್ಲೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯಾವ ಬ್ರಿಟಿಷ್ ರಾಜಕಾರಣಿಯನ್ನು ಓದುವಾಗಲೂ ನಡುನಡುವೆ ಬರುವ ಉಪಚುನಾವಣೆಗಳನ್ನು ಕಂಡರೆ ಮೊದಲು ಕೇಳಬೇಕಾದದ್ದು ಇದು: ಮಂತ್ರಿಯಾದನೇ?

ಹ್ಯಾನ್ಸರ್ಡ್ ಬಳಸುವಾಗ

ಸಂಸತ್ತಿನ ಚರ್ಚೆಗಳ ಸಂಪುಟಗಳಿಗೆ ಹ್ಯಾನ್ಸರ್ಡ್ ಎಂದು ಹೆಸರು. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಾನು ಮೈಸೂರಿನ ಗ್ರಂಥಾಲಯಕ್ಕೆ ಬಸ್ಸಿನಲ್ಲಿ ಅಲೆದ ಕಾಲ ನೆನೆದರೆ ಹೊಟ್ಟೆಯುರಿಯುತ್ತದೆ. ಆದರೆ ಮೂರು ಗುಂಡಿಗಳಿವೆ, ನಾನು ಮೂರರಲ್ಲೂ ಬಿದ್ದಿದ್ದೇನೆ.

ಆ ಕಾಲದ ಹ್ಯಾನ್ಸರ್ಡ್ ಮಾತಿಗೆ ಮಾತು ದಾಖಲಿಸಿದ್ದಲ್ಲ. ಅಧಿಕೃತವಾಗಿ ಹಾಗೆ ಬರೆದುಕೊಳ್ಳಲು ಆರಂಭಿಸಿದ್ದು 1909ರಲ್ಲಿ. ಅದಕ್ಕೆ ಹಿಂದೆ ಬಹುಮಟ್ಟಿಗೆ ಪತ್ರಿಕೆಗಳ ವರದಿಗಳಿಂದ ಹೆಣೆದದ್ದು, ಎಷ್ಟೋ ಕಡೆ "ಅವರು ಹೀಗೆಂದರು" ಎಂಬ ಧಾಟಿಯಲ್ಲಿದೆ. ಆದ್ದರಿಂದ ಉದ್ಧರಣ ಚಿಹ್ನೆ ಹಾಕುವ ಮುನ್ನ ಕೈ ತಡೆಯಿರಿ. ಎರಡನೆಯದು, ಅವನು ಮಂತ್ರಿಯಾಗಿದ್ದ ವರ್ಷಗಳಲ್ಲಿ ಹೆಸರಿನ ಬದಲು ಹುದ್ದೆಯೇ ಅಚ್ಚಾಗಿರುವುದುಂಟು. 'ಗ್ಲಾಡ್‌ಸ್ಟನ್' ಎಂದು ಹುಡುಕಿ ಏನೂ ಸಿಗದಿದ್ದರೆ 'ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್' (ಅಂದರೆ ಹಣಕಾಸು ಮಂತ್ರಿ) ಎಂದು ಹುಡುಕಿ. ಮೂರನೆಯದು, ಸುತ್ತಲಿನವರ ಹೆಸರು ಬದಲಾಗುತ್ತದೆ. ಹಾರ್ಟಿಂಗ್ಟನ್ ಎಂಬಾತ ತಂದೆ ತೀರಿಕೊಂಡ ಮೇಲೆ ಡೆವನ್‌ಶೈರ್ ಡ್ಯೂಕ್ ಆಗುತ್ತಾನೆ. ಭಾರತಕ್ಕೆ ವೈಸ್‌ರಾಯ್ ಆಗಿ ಬಂದ ರಿಪ್ಪನ್ ಅದಕ್ಕೂ ಮುಂಚೆ ಡಿ ಗ್ರೇ. ನಾನು ಇಬ್ಬರನ್ನು ನಾಲ್ವರೆಂದು ಎಣಿಸಿ ಒಂದು ಮಂತ್ರಿಮಂಡಲವನ್ನೇ ದೊಡ್ಡದು ಮಾಡಿದ್ದೆ.

ಒಂದು ಬಾಕಿಯನ್ನು ಹಿಡಿದು ಹೋಗಿ

ಇಡೀ ಬದುಕನ್ನು ಒಮ್ಮೆಗೇ ಹಿಡಿಯಲು ಆಗುವುದಿಲ್ಲ, ಒಂದು ಎಳೆ ಸಾಕು. ಆದಾಯ ತೆರಿಗೆ ಅಭ್ಯಾಸಕ್ಕೆ ಹೇಳಿಮಾಡಿಸಿದ್ದು.

1853ರ ಏಪ್ರಿಲ್ 18. ಅವನ ಮೊದಲ ಬಜೆಟ್, ನಾಲ್ಕೂಮುಕ್ಕಾಲು ಗಂಟೆ ಭಾಷಣ. ಪೌಂಡಿಗೆ ಏಳು ಪೆನ್ಸ್ ಇದ್ದ ಆದಾಯ ತೆರಿಗೆಯನ್ನು ಎರಡು ವರ್ಷದ ಮೇಲೆ ಆರು, ಆಮೇಲೆ ಐದು ಮಾಡಿ, 1860ಕ್ಕೆ ತೆಗೆದೇಬಿಡುವುದಾಗಿ ಹೇಳಿದ. ಎಡ ಪುಟದಲ್ಲಿ ಬರೆಯಿರಿ. ಮರುವರ್ಷ ಕ್ರಿಮಿಯಾ ಯುದ್ಧ. ಅದೇ ಮನುಷ್ಯ ತೆರಿಗೆಯನ್ನು ಇಮ್ಮಡಿ ಮಾಡಿ ಹದಿನಾಲ್ಕಕ್ಕೆ ಏರಿಸಿದ. ಬಲ ಪುಟದಲ್ಲಿ ಬರೆಯಿರಿ. ತೆಗೆಯುತ್ತೇನೆಂದಿದ್ದ 1860 ಬಂತು, ಅವನೇ ಮತ್ತೆ ಹಣಕಾಸು ಮಂತ್ರಿ. ತೆರಿಗೆ ಹತ್ತು ಪೆನ್ಸ್. ಬಾಕಿ ಮುಂದಕ್ಕೆ ಒಯ್ಯಿರಿ. 1874ರಲ್ಲಿ ಪ್ರಧಾನಿಯಾಗಿ ಚುನಾವಣೆ ಕರೆದಾಗ ಮತ್ತೆ ಅದೇ ಮಾತು: ಗೆಲ್ಲಿಸಿದರೆ ಆದಾಯ ತೆರಿಗೆ ರದ್ದು. ಸೋತ. ಇಪ್ಪತ್ತೊಂದು ವರ್ಷದ ಬಾಕಿ ಅಲ್ಲಿಗೆ ಮುಳುಗಿತು. ಬ್ರಿಟನ್ನಿನವರು ಇವತ್ತಿಗೂ ಆ ತೆರಿಗೆ ಕಟ್ಟುತ್ತಿದ್ದಾರೆ.

ಇದನ್ನು ಮಾತು ತಪ್ಪಿದ ಕಥೆಯಾಗಿ ಬರೆದರೆ ನಿಮ್ಮ ಲೇಖನ ಸಪ್ಪೆ. ಆ ತೆರಿಗೆ ಇದ್ದರೆ ಸರ್ಕಾರಗಳು ಯುದ್ಧಕ್ಕೆ ಹೆದರುವುದಿಲ್ಲ, ದುಂದಿಗೆ ಹೇಸುವುದಿಲ್ಲ ಎಂದು ಅವನು ನಂಬಿದ್ದ. ಮೋಂಬತ್ತಿಯ ತುದಿಗಳನ್ನೂ ಉಳಿಸುವವನೇ ನಿಜವಾದ ಹಣಕಾಸು ಮಂತ್ರಿ ಎಂಬಂಥ ಮಾತು ಅವನದು. ಮಂಡಿಯಲ್ಲಿ ಸಣಬಿನ ಹುರಿಯ ತುಂಡುಗಳನ್ನು ಎತ್ತಿಡುತ್ತಿದ್ದ ಅಪ್ಪನಿಗೆ ಇವನು ಇಷ್ಟವಾಗುತ್ತಿದ್ದ.

ಮಗ್ಗುಲು ಬದಲಿಸಿದ ಪುಟಗಳು

ಪುಸ್ತಕ ಮುಕ್ಕಾಲು ತುಂಬಿದ ಮೇಲೆ ಕೆಂಪು ಪೆನ್ನು ತೆಗೆದುಕೊಂಡು ಎಡಕ್ಕೂ ಬಲಕ್ಕೂ ಹೊಂದದ ಸಾಲುಗಳಿಗೆ ಗುರುತು ಹಾಕಿ. ನನ್ನ ಪುಸ್ತಕದಲ್ಲಿ 1845ರ ಪುಟ ಎಲ್ಲಕ್ಕಿಂತ ಕೆಂಪಾಗಿದೆ. ಐರ್ಲೆಂಡಿನ ಮೇನೂತ್‌ನ ಕ್ಯಾಥೊಲಿಕ್ ವಿದ್ಯಾಪೀಠಕ್ಕೆ ಪೀಲ್ ಅನುದಾನ ಹೆಚ್ಚಿಸಿದ. ತಾನು ಹಿಂದೆ ಪುಸ್ತಕದಲ್ಲಿ ಬರೆದದ್ದಕ್ಕೆ ಇದು ವಿರುದ್ಧ ಎಂದು ಗ್ಲಾಡ್‌ಸ್ಟನ್ ರಾಜೀನಾಮೆ ಕೊಟ್ಟ. ಕೊಟ್ಟ ಮೇಲೆ ಅದೇ ಅನುದಾನದ ಪರವಾಗಿ ಮತ ಹಾಕಿದ. ಸುತ್ತಲಿನವರಿಗೆ ತಲೆಬುಡ ತಿಳಿಯಲಿಲ್ಲ. ನನಗೂ ಮೊದಲು ನಗು ಬಂತು. ಆಮೇಲೆ ಅನ್ನಿಸಿತು, ಕ್ರಮ ಸರಿಯಾಗಿಯೇ ಇದೆ: ಮಾತು ಬದಲಿಸುವುದಕ್ಕೆ ಮುಂಚೆ ಕುರ್ಚಿ ಬಿಟ್ಟ. ನಮ್ಮಲ್ಲಿ ಕುರ್ಚಿ ಬದಲಿಸಿದ ಮೇಲೆ ಮಾತು ಬದಲಾಗುತ್ತದೆ.

ಆದರೆ 1859ಕ್ಕೆ ಈ ರಿಯಾಯಿತಿ ಕೊಡಬೇಡಿ. ಆ ಜೂನ್ 6ರಂದು ಲಂಡನ್ನಿನ ವಿಲಿಸ್ ರೂಮ್ಸ್‌ನಲ್ಲಿ ಟೋರಿಗಳ ಎದುರಿನ ಗುಂಪುಗಳಾದ ವಿಗ್ಗರು, ರ್‍ಯಾಡಿಕಲ್ಲರು, ಪೀಲ್‌ನ ಅನುಯಾಯಿಗಳು ಒಟ್ಟು ಸೇರಿದರು. ಲಿಬರಲ್ ಪಕ್ಷದ ಹುಟ್ಟು ಎಂದು ಹೇಳುವುದು ಆ ಸಭೆಯನ್ನೇ. ಕೆಲವೇ ದಿನಗಳಲ್ಲಿ ಟೋರಿ ಸರ್ಕಾರದ ಮೇಲೆ ಅವಿಶ್ವಾಸದ ಮತದಾನ ನಡೆಯಿತು. ಮುಂದೆ ಲಿಬರಲ್ಲರ ಕುಲದೇವರಾಗಲಿದ್ದವನು ಮತ ಹಾಕಿದ್ದು ಟೋರಿ ಸರ್ಕಾರ ಉಳಿಸಲು! ಸರ್ಕಾರ ಬಿತ್ತು. ಅದೇ ತಿಂಗಳು ಅವನು ಪಾಮರ್‌ಸ್ಟನ್‌ನ ಲಿಬರಲ್ ಸಂಪುಟದಲ್ಲಿ ಹಣಕಾಸು ಮಂತ್ರಿ. ಇಟಲಿಯ ಬಿಡುಗಡೆಯ ವಿಷಯದಲ್ಲಿ ಇಬ್ಬರೂ ಒಂದಾಗಿದ್ದರು ಎಂಬ ಕಾರಣ ಪುಸ್ತಕಗಳಲ್ಲಿದೆ, ಸುಳ್ಳೂ ಅಲ್ಲ. ವಯಸ್ಸು ಐವತ್ತಾಗುತ್ತಿತ್ತು, ವಿರೋಧಪಕ್ಷದ ಬೆಂಚು ತಣ್ಣಗಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಎಲ್ಲಕ್ಕಿಂತ ಕಷ್ಟದ ಪುಟ ಮೊದಲನೆಯದೇ. 1833ರ ಜೂನ್ 3ರಂದು ಗುಲಾಮಗಿರಿ ರದ್ದತಿಯ ಚರ್ಚೆಯಲ್ಲಿ ಅವನು ಎದ್ದು ನಿಂತದ್ದು ಬ್ರಿಟಿಷ್ ಗಯಾನಾದ ಡೆಮರಾರಾದಲ್ಲಿದ್ದ ತನ್ನ ತಂದೆಯ ತೋಟದ ವ್ಯವಸ್ಥಾಪಕನನ್ನು ಸಮರ್ಥಿಸಲು. ರದ್ದತಿಯಾದ ಮೇಲೆ ತಂದೆ ಜಾನ್ ಗ್ಲಾಡ್‌ಸ್ಟನ್‌ಗೆ 2,508 ಗುಲಾಮರ ಲೆಕ್ಕದಲ್ಲಿ 1,06,769 ಪೌಂಡ್ ಪರಿಹಾರ ಸಿಕ್ಕಿತು. ಗುಲಾಮರಿಗೆ ಏನೂ ಇಲ್ಲ. ಆಳು ಸಾಲದಾದಾಗ ಅದೇ ತಂದೆ ಕಲ್ಕತ್ತದ ಕಂಪನಿಯೊಂದಕ್ಕೆ ಬರೆದು ಭಾರತದಿಂದ ಕೂಲಿಗಳನ್ನು ತರಿಸಿದ. ವಿಟ್ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು 1838ರ ಮೇ ತಿಂಗಳಲ್ಲಿ ಬ್ರಿಟಿಷ್ ಗಯಾನಾ ಮುಟ್ಟಿದವು. ಕೆರಿಬಿಯನ್‌ಗೆ ಹೋದ ಮೊದಲ ಭಾರತೀಯ ಕೂಲಿಗಳು ಅವರು. ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. ಇಪ್ಪತ್ತು ವರ್ಷ ನಾನು ತಳ್ಳಿದ್ದೆ. ನ್ಯೂವಾರ್ಕ್‌ನ ಚುನಾವಣಾ ಖರ್ಚು, ಸಂಬಳವಿಲ್ಲದ ಸದಸ್ಯತ್ವದ ವರ್ಷಗಳು, ಗ್ರೀಕ್ ಓದುವ ಬಿಡುವು, ಇವೆಲ್ಲಕ್ಕೂ ಹಣ ಎಲ್ಲಿಂದ ಬಂತು ಎಂದು ಖಾತೆ ಬರೆಯುವವರು ಕೇಳದಿದ್ದರೆ ಇನ್ನಾರು ಕೇಳಬೇಕು?

ಟೋರಿ ನಾಯಕ ಡಿಸ್ರೇಲಿಯ ಜೊತೆಗಿನ ಜಗಳಕ್ಕೆ ಒಂದು ಪುಟ ಕೊಡಿ, ಹೆಚ್ಚು ಬೇಡ. ಸೊಗಸಾದ ಕಥೆಗಳಿವೆ, ಅರ್ಧ ಊಹೆ.

ನಮ್ಮ ಕಡೆಯ ಸಾಲುಗಳು

ಕನ್ನಡದಲ್ಲಿ ಬರೆಯುವವರಿಗೆ ಭಾರತದ ಮಾತು ತರಬೇಕೆನಿಸುತ್ತದೆ. ತನ್ನಿ, ಆದರೆ ಯಾರ ಲೆಕ್ಕವನ್ನು ಯಾರ ಖಾತೆಗೂ ಹಾಕಬೇಡಿ. 1881ರ ಮಾರ್ಚ್ 25ರಂದು ಮೈಸೂರು ಸಂಸ್ಥಾನ ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ಲಂಡನ್ನಿನಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್, ಇಲ್ಲಿ ವೈಸ್‌ರಾಯ್ ಅವನೇ ಕಳಿಸಿದ ರಿಪ್ಪನ್. ಅಷ್ಟಕ್ಕೇ "ಗ್ಲಾಡ್‌ಸ್ಟನ್ ಮೈಸೂರನ್ನು ಹಿಂದಿರುಗಿಸಿದ" ಎಂದು ನಾನೇ ಒಂದು ಸ್ಮರಣ ಸಂಚಿಕೆಯಲ್ಲಿ ಬರೆದಿದ್ದೆ. ಮರಳಿಸುವ ತೀರ್ಮಾನ 1867ರಷ್ಟು ಹಿಂದಿನದು, ಆಗ ಅಲ್ಲಿದ್ದದ್ದು ಟೋರಿ ಸರ್ಕಾರ.

ಅವನ ಖಾತೆಗೆ ನ್ಯಾಯವಾಗಿ ಸೇರುವುದು ದೇಶಭಾಷಾ ಪತ್ರಿಕೆಗಳ ಕಾಯಿದೆ. ಭಾರತೀಯ ಭಾಷೆಗಳ ಪತ್ರಿಕೆಗಳನ್ನು ಹತ್ತಿಕ್ಕಲು ವೈಸ್‌ರಾಯ್ ಲಿಟ್ಟನ್ 1878ರಲ್ಲಿ ತಂದ ಈ ಕಾಯಿದೆಯನ್ನು ಅದೇ ವರ್ಷ ಗ್ಲಾಡ್‌ಸ್ಟನ್ ಸದನದಲ್ಲಿ ಪ್ರಶ್ನಿಸಿದ. ರಿಪ್ಪನ್ ಕಾಲದಲ್ಲಿ, 1882ರಲ್ಲಿ, ಅದು ರದ್ದಾಯಿತು. ಎಡವೂ ಬಲವೂ ಹೊಂದಿದ ಸಾಲು. ಅದೇ 1882ರಲ್ಲಿ ಅವನ ಸರ್ಕಾರ ಈಜಿಪ್ಟಿನ ಮೇಲೆ ದಂಡೆತ್ತಿತು, ಭಾರತದಿಂದ ಸೈನ್ಯ ತರಿಸಿತು, ಆ ಖರ್ಚಿನ ಒಂದು ಪಾಲನ್ನು ಭಾರತದ ಬೊಕ್ಕಸಕ್ಕೇ ಹಚ್ಚಿತು. ಮಿಡ್ಲೋದಿಯನ್‌ನಲ್ಲಿ ಸಾಮ್ರಾಜ್ಯದ ಯುದ್ಧಗಳನ್ನು ಬೈದು ಎರಡೂವರೆ ವರ್ಷ ಆಗಿತ್ತಷ್ಟೆ. ಕೆಂಪು ಪೆನ್ನು.

ದಿನಚರಿಯ ಮುಂದೆ ತಾಳ್ಮೆ

1825ರಿಂದ 1896ರವರೆಗೆ ಅವನು ದಿನಚರಿ ಬರೆದ. ಅಚ್ಚಾಗಿರುವುದು ಹದಿನಾಲ್ಕು ಸಂಪುಟ. ಮನಸ್ಸಿನ ಗುಟ್ಟು ಸಿಗುತ್ತದೆಂದು ತೆರೆದರೆ ನಿರಾಶೆಯಾಗುತ್ತದೆ: ಯಾರಿಗೆ ಪತ್ರ ಬರೆದೆ, ಯಾವ ಪುಸ್ತಕ ಓದಿದೆ, ಚರ್ಚಿಗೆ ಹೋದೆ, ಮರ ಕಡಿದೆ. ದೇವರಿಗೆ ಒಪ್ಪಿಸಬೇಕಾದ ಸಮಯದ ಲೆಕ್ಕ ಅದು. ಅದೂ ಖಾತೆ ಪುಸ್ತಕವೇ. ರಾತ್ರಿ ಲಂಡನ್ನಿನ ಬೀದಿಗಳಲ್ಲಿ ವೇಶ್ಯೆಯರನ್ನು ಭೇಟಿಯಾಗಿ ಆ ಬದುಕಿನಿಂದ ಬಿಡಿಸಲು ಯತ್ನಿಸಿದ್ದು, ಆ ಭೇಟಿಗಳಲ್ಲಿ ತನ್ನ ಮನಸ್ಸು ಚಂಚಲವಾದದ್ದು, ಅದಕ್ಕೆ ತನ್ನನ್ನೇ ಶಿಕ್ಷಿಸಿಕೊಂಡದ್ದು, ಎಲ್ಲವೂ ಅದರಲ್ಲಿದೆ. ಇದನ್ನು ಚಪ್ಪರಿಸಿ ಬರೆಯುವವರೂ ಇದ್ದಾರೆ, ಮುಚ್ಚಿಡುವವರೂ ಇದ್ದಾರೆ. ನಾನು ನಾಲ್ಕು ಸಾಲು ಬರೆದು ಮುಂದೆ ಹೋದೆ. ದಿನಚರಿಯನ್ನು ತಾರೀಖು ತಾಳೆ ನೋಡಲು ಬಳಸಿ, ಅದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಮಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಗ ಒಂದು ದಿನ ಚೆಸ್ಟರ್‌ನಿಂದ ಬಸ್ಸು ಹಿಡಿದು ಹಾವರ್ಡನ್‌ಗೆ ಹೋಗಿದ್ದೆ. ವೇಲ್ಸ್‌ನ ಗಡಿಯ ಚಿಕ್ಕ ಊರು, ಅವನ ಹೆಂಡತಿಯ ತವರು. ಎಂಬತ್ತು ದಾಟಿದ ಮೇಲೆ ಅವನು ತನ್ನ ಮೂವತ್ತೆರಡು ಸಾವಿರ ಪುಸ್ತಕಗಳನ್ನು ಮನೆಯಿಂದ ಹೊಸ ಗ್ರಂಥಾಲಯಕ್ಕೆ ಸಾಗಿಸಿದ. ಮಗಳೂ ಆಳೂ ನೆರವಾದರು, ಎಷ್ಟೋ ಹೊರೆಯನ್ನು ಒಂಟಿ ಚಕ್ರದ ಕೈಗಾಡಿಯಲ್ಲಿ ತಾನೇ ತಳ್ಳಿದ. ಈಗಲೂ ಅಲ್ಲಿ ಕೋಣೆ ಹಿಡಿದು ಉಳಿದು ಓದಬಹುದು. ಅವನ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗುರುತುಗಳಿವೆ, ನಾವು ಹಾಕಿಕೊಳ್ಳುವಂಥವೇ.

ಖಾತೆ ಮುಗಿಸುವಾಗ

ಕೊನೆಯ ಭಾಗ ಪೂರ್ತಿ ಐರ್ಲೆಂಡಿನದು. 1886ರ ಜೂನ್ 8ರಂದು ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಮಸೂದೆ ಕೆಳಮನೆಯಲ್ಲಿ 30 ಮತಗಳಿಂದ ಬಿತ್ತು; ಅವನ ಪಕ್ಷದವರೇ 93 ಮಂದಿ ವಿರುದ್ಧ ಮತ ಹಾಕಿದರು, ಪಕ್ಷ ಒಡೆಯಿತು. 1893ರಲ್ಲಿ, 83ರ ವಯಸ್ಸಿನಲ್ಲಿ, ಮತ್ತೆ ತಂದ. ಕೆಳಮನೆ 301-267ರಿಂದ ಒಪ್ಪಿತು. ಒಂದೇ ವಾರದಲ್ಲಿ ಮೇಲ್ಮನೆ 419-41ರಿಂದ ಹೊಸಕಿ ಹಾಕಿತು. 1894ರ ಮಾರ್ಚ್ 1ರಂದು ಸದನದಲ್ಲಿ ಕೊನೆಯ ಭಾಷಣ, ಅದೂ ಮೇಲ್ಮನೆಯ ಅಡ್ಡಗಾಲಿನ ಬಗ್ಗೆ. ಅದೇ ತಿಂಗಳು ರಾಜೀನಾಮೆ. ಸತ್ತದ್ದು 1898ರ ಮೇ 19.

ಸಾವಿನ ತಾರೀಖಿನ ಕೆಳಗೆ ಎರಡು ಗೆರೆ ಎಳೆದು ಮುಗಿಸಬೇಡಿ. ಐರ್ಲೆಂಡಿನ ಬಾಕಿ ಹಾಗೇ ಇದೆ. ಅಪ್ಪ ಮಾಡುತ್ತಿದ್ದಂತೆ ಇನ್ನೊಂದು ಪುಸ್ತಕ ತೆಗೆಯಿರಿ. 1892ರ ಸಂಪುಟದಲ್ಲಿ ಗೃಹಮಂತ್ರಿಯಾಗಿದ್ದ ಆಸ್ಕ್ವಿತ್‌ನ ಹೆಸರು ತಲೆಯಲ್ಲಿ ಬರೆಯಿರಿ. ಅವನು ಪ್ರಧಾನಿಯಾಗಿದ್ದಾಗ, 1914ರಲ್ಲಿ, ಆ ಕಾಯಿದೆಗೆ ಅಂಕಿತ ಬಿದ್ದು, ಯುದ್ಧದ ಕಾರಣಕ್ಕೆ ಅದೇ ದಿನ ತಡೆಯೂ ಬಿತ್ತು. ಮೊದಲ ಪುಟದ ಮೊದಲ ಸಾಲು: ಹಿಂದಿನ ಪುಸ್ತಕದಿಂದ ತಂದ ಬಾಕಿ.